ದೊಡ್ಡಮ್ಮನ ಎರಡು ಹೋಳು

ಮಾರ್ಚ್ 12

ತಮ್ಮಾ,

ಆರು ಶರ್ಟು ಕಳಿಸಿದ್ದೇನೆ. ಕಾಗದ ಎಂದಿನ ಹಾಗೆ ನೀಲಿ ಶರ್ಟಿನ ಜೇಬಿನಲ್ಲಿದೆ. ಹೋದ ಸಲ ಜೇಬು ನೋಡದೆ ತೊಟ್ಟುಕೊಂಡು ಹೋಗಿ, ಮೀಟಿಂಗಿನಲ್ಲಿ ಪೆನ್ನಿಗೆ ಕೈ ಹಾಕಿ ನನ್ನ ಕಾಗದ ತೆಗೆದೆಯಂತೆ. ಈ ಸಲ ಮೊದಲು ಓದು, ಆಮೇಲೆ ತೊಡು.

ರಾಜಧಾನಿಯಲ್ಲಿ ಲಾಂಡ್ರಿಗಳೇ ಇಲ್ಲವೇ ಎಂದು ನಮ್ಮ ಹೆಂಗಸರು ಕೇಳುತ್ತಾರೆ. "ಇರ್ತವೆ, ಆದ್ರೆ ಅಲ್ಲೆಲ್ಲ ಅಕ್ಕ ಇರಲ್ವಲ್ಲ" ಎಂದು ಇಸ್ತ್ರಿ ಮೇಜಿನಿಂದ ಉದ್ದಕ್ಕನೇ ಉತ್ತರವನ್ನೂ ಹೇಳುತ್ತಾಳೆ.

ದೊಡ್ಡಮ್ಮನಿಗೆ ಮೂವತ್ತೊಂದು ವರ್ಷವಾಯಿತು. ಅಮ್ಮ ಆ ಬಾಯ್ಲರ್ ಕೊಂಡಾಗ ನೀನು ಮೂರನೇ ಕ್ಲಾಸು. ದಿನವಿಡೀ ಗೊಣಗುತ್ತದೆ ಎಂದು ಆ ಹೆಸರಿಟ್ಟವನೂ ನೀನೇ. ಈಗ ಗೊಣಗುವುದರ ಜೊತೆಗೆ ಬೆವರುತ್ತಾಳೆ, ಕೆಮ್ಮುತ್ತಾಳೆ. ಕುಡಿದ ಎಣ್ಣೆಯಲ್ಲಿ ಅರ್ಧ ಹೊಗೆಯಾಗಿ ಹೋಗುತ್ತದೆ. ಆಸ್ಪತ್ರೆಯ ನಾನೂರು ಬೆಡ್‌ಶೀಟು ದಿನಾ ಹಬೆಯಲ್ಲಿ ಬೇಯಬೇಕು. ಅವರ ಒಪ್ಪಂದ ಜೂನ್ ಕೊನೆಗೆ ಮುಗಿಯುತ್ತದೆ, ಮುಂದುವರಿಸುವ ಮುಂಚೆ ಬಂದು ಹಬೆ ಪರೀಕ್ಷೆ ಮಾಡುತ್ತಾರಂತೆ. ದೊಡ್ಡಮ್ಮ ಆ ಪರೀಕ್ಷೆಯಲ್ಲಿ ಪಾಸಾಗುವುದು ಅನುಮಾನ. ಆಸ್ಪತ್ರೆ ಕೈಬಿಟ್ಟರೆ ಲಾಂಡ್ರಿಯ ಬಾಗಿಲು ಹಾಕಬೇಕು. ಅವರನ್ನು ಬಿಟ್ಟರೆ ನಮಗಿರುವ ಗಿರಾಕಿ ನೀನೊಬ್ಬನೇ.

ಹಳೆ ಯಂತ್ರ ಬದಲಾಯಿಸುವವರಿಗೆ ನಿಮ್ಮ ಇಲಾಖೆ ನೂರಕ್ಕೆ ಅರವತ್ತು ಪಾಲು ಕೊಡುತ್ತದೆ ಎಂದು ಪೇಪರಿನಲ್ಲಿ ಬಂದಿದೆ. ನಿಜವೇ? ನಮ್ಮಂಥವರಿಗೂ ಸಿಗುತ್ತದೆಯೇ?

ಅಕ್ಕ


ಮಾರ್ಚ್ 28

ಅಕ್ಕಾ,

ನಿಜ. ಇಷ್ಟು ವರ್ಷ ನಿನ್ನ ತಮ್ಮ ಇಲ್ಲಿ ಏನು ಕಡಿದು ಕಟ್ಟೆ ಹಾಕುತ್ತಿದ್ದಾನೆ ಎಂದು ಕೇಳುತ್ತಿದ್ದೆಯಲ್ಲ, ಇದನ್ನೇ. ಆ ಯೋಜನೆಯ ನಿಯಮಗಳ ಕರಡು ಬರೆದ ಕೈ ನನ್ನದು.

ನಮ್ಮ ಬಾಗಿಲ ಮೇಲೆ 'ಇಂಧನ ದಕ್ಷತಾ ಶಾಖೆ' ಎಂದು ಬರೆದಿದೆ. ಶಾಖೆ ಇದೆ, ಶಾಖ ಇಲ್ಲ. ಮುಚ್ಚಲಾಗದ ಕಿಟಕಿಯ ಪಕ್ಕ ನಾಲ್ಕು ಜನ ಸ್ವೆಟರ್ ಹಾಕಿಕೊಂಡು ದೇಶದ ಬಿಸಿ ಕಾಪಾಡುತ್ತಿದ್ದೇವೆ. ಮೇಲಧಿಕಾರಿಗಳು ದಿನಕ್ಕೆ ನೂರು ಸಲ 'ಉಳಿತಾಯ' ಎನ್ನುತ್ತಾರೆ. ಯಾರೋ ಹೊರಟು ನಿಂತ ಹೆತ್ತವಳ ಕಾಲು ಹಿಡಿದು 'ಉಳಿ, ತಾಯಿ' ಎನ್ನುತ್ತಿರುವಂತೆ ನನಗೆ ಕೇಳಿಸುತ್ತದೆ. ದಕ್ಷತೆಗೂ ದಕ್ಷಿಣೆಗೂ ಎರಡೇ ಅಕ್ಷರದ ದೂರ ಎಂದು ಹೊರಗಿನವರು ಆಡಿಕೊಳ್ಳುತ್ತಾರೆ. ನಮ್ಮಲ್ಲಿ ಹಾಗಿಲ್ಲ, ನಮ್ಮ ಹತ್ತಿರ ಯಾರೂ ಬರುವುದೇ ಇಲ್ಲ.

ಈಗ ಕೆಲಸದ ಮಾತು. ಹಳೆ ಬಾಯ್ಲರನ್ನು ಮತ್ತೆಂದೂ ಬಳಸಲಾಗದಂತೆ ಎರಡು ಹೋಳು ಮಾಡಬೇಕು. ಇಲ್ಲದಿದ್ದರೆ ಜನ ಸರ್ಕಾರದ ಖರ್ಚಿನಲ್ಲಿ ಹೊಸದನ್ನು ತಂದು ಹಳೆಯದನ್ನು ಪಕ್ಕದ ಊರಿಗೆ ಸಾಗಹಾಕುತ್ತಾರೆ. ಎರಡೂ ಹೋಳು, ಮಾಲೀಕರ ಮುಖ, ಆ ದಿನದ ಪತ್ರಿಕೆ, ಇಷ್ಟೂ ಒಂದೇ ಫೋಟೋದಲ್ಲಿ ಕಾಣಬೇಕು. ಅದನ್ನು ಅರ್ಜಿಗೆ ಲಗತ್ತಿಸಬೇಕು. ಇದು ಏಳನೇ ನಿಯಮ, ನನ್ನ ಸ್ವಂತ ಕೂಸು. 'ನಿಯಮದ ಹೊಟ್ಟೆಯಲ್ಲೇ ಯಮ ಇದ್ದಾನಲ್ಲಯ್ಯ' ಎಂದು ಪಕ್ಕದ ಮೇಜಿನವನು ನಕ್ಕ.

ಏಪ್ರಿಲ್ ಎಂಟರಿಂದ ಅರ್ಜಿ. ಮೊದಲು ಬಂದವರಿಗೆ ಮೊದಲು. ಉಳಿದವರು ನಿಯಮ ಓದಿ, ಗ್ಯಾಸ್ ಕಟರ್‌ನವನನ್ನು ಹುಡುಕುವಷ್ಟರಲ್ಲಿ ತಿಂಗಳಾಗಿರುತ್ತದೆ. ನೀನು ಈಗಲೇ ಕತ್ತರಿಸಿ ಫೋಟೋ ಸಮೇತ ಹಾಕಿದರೆ ಸಾಲಿನ ತಲೆಯಲ್ಲಿ ನೀನೇ. ಮೇ ಕೊನೆಗೆ ಹೊಸ ಬಾಯ್ಲರ್, ಜೂನ್‌ನಲ್ಲಿ ಆಸ್ಪತ್ರೆಯವರ ಮುಖಕ್ಕೆ ಹಬೆ. ಧೈರ್ಯವಾಗಿ ಕತ್ತರಿಸು.

ಒಂದು ಮಾತ್ರ ನೆನಪಿಡು. ನಾನು ಹೇಳಿದೆ ಎಂದು ಎಲ್ಲೂ ಬಾಯಿ ಬಿಡಬೇಡ. ಒಳಗಿನವನು ತನ್ನ ಅಕ್ಕನಿಗೆ ಮುಂಚೆಯೇ ತಿಳಿಸಿದ ಎಂದಾದರೆ ನನ್ನ ಬಡ್ತಿಯೂ ಎರಡು ಹೋಳು.

ನೀಲಿ ಶರ್ಟಿನ ಕಾಲರ್ ಅದ್ಭುತ. ಮೇಲಧಿಕಾರಿಗಳು ಮುಟ್ಟಿ ನೋಡಿ "ಯಾರ್ರೀ ಮಾಡಿದ್ದು?" ಎಂದರು. ಹೇಳಲಿಲ್ಲ.

ನಿನ್ನ ತಮ್ಮ


ಏಪ್ರಿಲ್ 3

ಅಕ್ಕಾ,

ಆತುರದಲ್ಲಿ ನಾಲ್ಕು ಸಾಲು. ಆರು ಶರ್ಟು ಹೊರಟಿವೆ. ಬಿಳಿಯದರ ಮೇಲಿನಿಂದ ಎರಡನೇ ಗುಂಡಿ ಉದುರಿದೆ. ನಾಲ್ಕು ತೂತಿನದು, ಉಗುರಿನಷ್ಟು ಅಗಲ. ಅದೇ ಅಳತೆಯದನ್ನು ಹಾಕು. ಹೋದ ಸಲ ನೀನು ಹಾಕಿದ್ದು ಎದೆಯ ಮೇಲೆ ಕೂತು ಎಲ್ಲರನ್ನೂ ದುರುಗುಟ್ಟಿ ನೋಡುತ್ತಿತ್ತು. ಬಡ್ತಿ ಪಟ್ಟಿಗೆ ನನ್ನ ಹೆಸರು ಹೋಗಿದೆ ಎಂದು ಸುದ್ದಿ.

ಬೇರೇನೂ ವಿಶೇಷವಿಲ್ಲ.

ನಿನ್ನ ತಮ್ಮ


ಏಪ್ರಿಲ್ 7

ತಮ್ಮಾ,

ನಿನ್ನೆ ಕತ್ತರಿಸಿದೆವು.

ಗ್ಯಾಸ್ ಕಟರ್‌ನವನು ಬಂದು ದೊಡ್ಡಮ್ಮನ ಸುತ್ತ ಎರಡು ಸುತ್ತು ಹಾಕಿ, ಬೆರಳ ಗೆಣ್ಣಿನಿಂದ ತಟ್ಟಿ ನೋಡಿದ. "ಅಕ್ಕಾ, ಟ್ಯೂಬ್ ಬದಲಾಯಿಸಿದ್ರೆ ಇನ್ನೂ ಐದು ವರ್ಷ ಓಡುತ್ತೆ ಇದು. ಯಾಕೆ ಕೊಲ್ತೀರಾ?"

"ಸರ್ಕಾರಕ್ಕೆ ಹೆಣ ತೋರಿಸ್ಬೇಕಂತೆ" ಎಂದಳು ಉದ್ದಕ್ಕ.

ನಮ್ಮ ಆರೂ ಹೆಂಗಸರು ಕೆಲಸ ಬಿಟ್ಟು ಬಾಗಿಲಲ್ಲಿ ನಿಂತಿದ್ದರು. ಬೆಳಗ್ಗೆ ಹತ್ತಕ್ಕೆ ಶುರು ಮಾಡಿದವನು ಮುಗಿಸಿದಾಗ ಮೂರು ಗಂಟೆ. ಎರಡು ಕಡೆ ಉರುಳಿಕೊಂಡಾಗ ಒಳಗೆ ಬೆರಳು ದಪ್ಪ ಸುಣ್ಣದ ಪೊರೆ ಕಾಣಿಸಿತು, ಮೂವತ್ತೊಂದು ವರ್ಷದ ನೀರು ಬಿಟ್ಟು ಹೋದದ್ದು. ಒಂದು ಚೂರು ಎತ್ತಿಟ್ಟುಕೊಂಡಿದ್ದೇನೆ, ಯಾಕೋ. ಫೋಟೋದವನು ಪತ್ರಿಕೆ ಕೈಗೆ ಕೊಟ್ಟು "ಸ್ವಲ್ಪ ನಗಿ ಅಕ್ಕಾ" ಅಂದ. ನಕ್ಕೆ. ನಿನಗೂ ಒಂದು ಪ್ರತಿ ಇಟ್ಟಿದ್ದೇನೆ. ನಾಳೆ ಬೆಳಗ್ಗೆಯೇ ಅರ್ಜಿ ಹೋಗುತ್ತದೆ.

ಹೊಸದು ಬರುವ ತನಕ ಹಿತ್ತಿಲಲ್ಲಿ ಸೌದೆ ಒಲೆ ಹೂಡಿ ನಾಲ್ಕು ದೊಡ್ಡ ಹಂಡೆ ಇಟ್ಟಿದ್ದೇವೆ. ಬೆಡ್‌ಶೀಟನ್ನು ಕೋಲಿನಲ್ಲಿ ಎತ್ತಿ ಹಾಕಬೇಕು. ಎರಡು ತಿಂಗಳು ತಾನೇ.

ಗುಂಡಿ ಹಾಕಿದ್ದೇನೆ. ನಾಲ್ಕು ತೂತು, ಉಗುರಿನಷ್ಟು ಅಗಲ.

ಅಕ್ಕ


ಏಪ್ರಿಲ್ 30

ತಮ್ಮಾ,

ಶರ್ಟಿನ ಜೊತೆ ಕಳಿಸಿದ ಕಾಗದಕ್ಕೆ ಉತ್ತರ ಬರಲಿಲ್ಲ. ಜೇಬು ನೋಡಲಿಲ್ಲವೇನೋ ಎಂದು ಇದನ್ನು ಅಂಚೆಯಲ್ಲಿ ಹಾಕುತ್ತಿದ್ದೇನೆ.

ನಿಮ್ಮ ಇಲಾಖೆಯ ಇನ್‌ಸ್ಪೆಕ್ಟರ್ ಬಂದಿದ್ದರು. ಪೆಟ್ಟಿಗೆಯಿಂದ ಒಂದು ಮೀಟರ್ ತೆಗೆದು ಕೈಯಲ್ಲಿ ಹಿಡಿದುಕೊಂಡು "ಬಾಯ್ಲರ್ ಸ್ಟಾರ್ಟ್ ಮಾಡಿ" ಎಂದರು.

"ಯಾವ ಹೋಳು ಮಾಡ್ಲಿ ಸಾರ್? ಈ ಕಡೇದೋ, ಆ ಕಡೇದೋ?" ಎಂದು ಉದ್ದಕ್ಕ ಕೇಳಿದಳು. ಅವರಿಗೆ ನಗು ಬರಲಿಲ್ಲ.

"ಏನಮ್ಮ ಇದು? ಓಡ್ತಿರೋ ಯಂತ್ರ ನಾನು ನೋಡ್ಬೇಕು. ಎಷ್ಟು ಎಣ್ಣೆ ಕುಡಿಯುತ್ತೆ ಅಂತ ಅಳೀಬೇಕು. ಆಮೇಲೆ ಮಂಜೂರಾತಿ. ಅದು ಆದ್ಮೇಲೆ ನನ್ನ ಕಣ್ಣೆದುರು ಕತ್ತರಿಸ್ಬೇಕು. ಹನ್ನೊಂದನೇ ನಿಯಮ ಓದಿಲ್ವಾ?"

"ಏಳನೇದು ಗೊತ್ತಿತ್ತು" ಎಂದೆ.

"ಏಳನೇದ್ರಲ್ಲಿ ನೀಲಿ ಇಂಕಲ್ಲಿ ಅರ್ಜಿ ತುಂಬಿ ಅಂತಿದೆ, ಅಷ್ಟೇ. ಮೊದ್ಲೇ ಕತ್ತರಿಸಿ ಅಂತ ಯಾರು ಹೇಳಿದ್ದು ನಿಮಗೆ?"

ಹೆಂಗಸರೆಲ್ಲ ನನ್ನ ಮುಖ ನೋಡಿದರು. "ಯಾರೂ ಹೇಳಿಲ್ಲ. ಪೇಪರ್ ನೋಡಿ ನಾನೇ ತಪ್ಪು ತಿಳ್ಕೊಂಡೆ" ಎಂದೆ.

"ಹಾಗಂತ ಬರೆದು ಸಹಿ ಹಾಕಿ ಕೊಡಿ."

ಬರೆದು ಕೊಟ್ಟೆ. ಅವರು ಹೋದ ಮೇಲೆ ಉದ್ದಕ್ಕ ಇಸ್ತ್ರಿಗೆ ಹೋಗಿ ಒಂದೇ ಬೆಡ್‌ಶೀಟನ್ನು ಮೂರು ಸಲ ತಿಕ್ಕಿದಳು.

ಬಾಯಿ ಬಿಡಬೇಡ ಅಂದಿದ್ದೆ, ಬಿಡಲಿಲ್ಲ. ಈಗ ಏನು ಮಾಡಲಿ, ಹೇಳು.

ಅಕ್ಕ


ಇಂಧನ ದಕ್ಷತಾ ಶಾಖೆ
ಮೇ 9

ಮಾಲೀಕರು, ಹಬೆ ಲಾಂಡ್ರಿ ಘಟಕ, ಇವರಿಗೆ

ಮಾನ್ಯರೇ,

ವಿಷಯ: ಹಳೆ ಯಂತ್ರ ಬದಲಾವಣೆಗೆ ಸಹಾಯಧನ ಕೋರಿರುವ ಬಗ್ಗೆ.
ಉಲ್ಲೇಖ: ತಮ್ಮ ಅರ್ಜಿ ಹಾಗೂ ಸ್ವಹಸ್ತಾಕ್ಷರದ ಹೇಳಿಕೆ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಪರಿಶೀಲನೆಯ ದಿನದಂದು ಸದರಿ ಘಟಕದಲ್ಲಿ ಚಾಲನೆಯಲ್ಲಿರುವ ಯಾವುದೇ ಬಾಯ್ಲರ್ ಕಂಡುಬಂದಿರುವುದಿಲ್ಲ. ಹಳೆ ಯಂತ್ರವೇ ಇಲ್ಲದ ಕಾರಣ ಅದರ ಬದಲಾವಣೆಯ ಪ್ರಶ್ನೆ ಉದ್ಭವಿಸುವುದಿಲ್ಲ. ಅರ್ಜಿದಾರರು ಯಾರ ಸಲಹೆಯೂ ಇಲ್ಲದೆ ಸ್ವಂತ ತಿಳಿವಳಿಕೆಯಿಂದ ಯಂತ್ರವನ್ನು ನಾಶಪಡಿಸಿರುವುದಾಗಿ ಒಪ್ಪಿಕೊಂಡಿರುವುದರಿಂದ ಅರ್ಜಿಯನ್ನು ತಿರಸ್ಕರಿಸಲಾಗಿದೆ. ಮೇಲ್ಮನವಿ ಇದ್ದಲ್ಲಿ ಸೂಕ್ತ ದಾಖಲೆಯೊಂದಿಗೆ ಜೂನ್ 8ರ ಒಳಗೆ ಸಲ್ಲಿಸತಕ್ಕದ್ದು.

ತಮ್ಮ ವಿಶ್ವಾಸಿ,
ಶಾಖಾಧಿಕಾರಿ


ಮೇ 10

ಅಕ್ಕಾ,

ನಿನ್ನೆಯ ಕಾಗದ ಕಂಡು ಗಾಬರಿಯಾಗಬೇಡ. ಸಹಿ ನನ್ನದೇ, ಭಾಷೆ ಕುರ್ಚಿಯದು. ಈ ಭೂಮಿಯ ಮೇಲೆ ನಿನ್ನನ್ನು 'ಮಾನ್ಯರೇ' ಎಂದು ಕರೆದ ಮೊದಲ ಮನುಷ್ಯ ನಾನೇ ಇರಬೇಕು. ಅದಕ್ಕಾದರೂ ಖುಷಿಪಡು, ಸದರಿ ಅಕ್ಕ.

ಆದದ್ದು ಇಷ್ಟೇ. ಕೊನೇ ಗಳಿಗೆಯಲ್ಲಿ ಮೇಲಿನವರು ನನ್ನ ಏಳನೇ ನಿಯಮವನ್ನು ಎತ್ತಿ ಹನ್ನೊಂದಕ್ಕೆ ಹಾಕಿ, ಹಿಂದಿನದನ್ನು ಮುಂದೆ, ಮುಂದಿನದನ್ನು ಹಿಂದೆ ಮಾಡಿದರು. ಏಪ್ರಿಲ್ ಎರಡರ ಸಂಜೆ ಶುದ್ಧ ಪ್ರತಿ ಟೈಪು ಮಾಡಿದವನು ನಾನೇ, ಬೆರಳೆಲ್ಲ ನೋವು. ನೀನು ಅಷ್ಟು ಬೇಗ ಕತ್ತರಿಸುತ್ತೀ ಎಂದು ಯಾರಿಗೆ ಗೊತ್ತಿತ್ತು? ಇತಿಹಾಸದಲ್ಲಿ ಮೊದಲ ಬಾರಿಗೆ ಒಬ್ಬರು ಸರ್ಕಾರ ಹೇಳುವ ಮುಂಚೆಯೇ ಕೆಲಸ ಮುಗಿಸಿದ್ದಾರೆ, ಅದು ನನ್ನ ಅಕ್ಕನೇ ಆಗಬೇಕಿತ್ತೇ?

ನಿನ್ನ ಹೇಳಿಕೆ ಬಹಳ ಸ್ಪಷ್ಟವಾಗಿತ್ತು. ಕಡತ ಒಂದೇ ದಿನದಲ್ಲಿ ಮುಗಿಯಿತು. ಎಲ್ಲರೂ ಹೀಗೆ ಬರೆದುಕೊಟ್ಟರೆ ನಮ್ಮ ದಕ್ಷತೆ ಎಲ್ಲಿಗೋ ಹೋಗುತ್ತದೆ.

ಈ ಸಲ ಕಾಲರ್‌ಗಳು ಯಾಕೋ ಮೆತ್ತಗೆ. ದೊಡ್ಡಮ್ಮ ಹೋದ ಮೇಲೆ ನನ್ನ ಶರ್ಟುಗಳಿಗೂ ಬೆನ್ನುಮೂಳೆ ಹೋಯಿತೇ? ಸ್ವಲ್ಪ ಗಮನ ಕೊಡು.

ನಿನ್ನ ತಮ್ಮ


ಮೇ 18

ತಮ್ಮಾ,

ಎರಡನೇ ತಾರೀಕು ಟೈಪು ಮಾಡಿದೆ. ಮೂರನೇ ತಾರೀಕು ನನಗೆ ಗುಂಡಿಯ ಅಳತೆ ಬರೆದೆ. ಆರನೇ ತಾರೀಕು ನಾನು ಕತ್ತರಿಸಿದೆ. ಆ ಕಾಗದ ನನ್ನ ಹತ್ತಿರ ಇದೆ. ತೂತು ಎಷ್ಟಿರಬೇಕು ಎಂದು ಕೂಡ ಬರೆದಿದ್ದೀ. ಬೇರೇನೂ ವಿಶೇಷವಿಲ್ಲ ಎಂದು ಮುಗಿಸಿದ್ದೀ.

ಬೈಯಲು ಬರೆಯುತ್ತಿಲ್ಲ. ಮೇಲ್ಮನವಿಗೆ ದಾಖಲೆ ಬೇಕಂತೆ. ಕಚೇರಿಯವರೇ ಮೊದಲು ಕತ್ತರಿಸಿ ಎಂದು ಹೇಳಿದ್ದಕ್ಕೆ ಪುರಾವೆ ಇದ್ದರೆ ಅರ್ಜಿ ಮತ್ತೆ ತೆರೆಯುತ್ತಾರೆ ಎಂದು ಇನ್‌ಸ್ಪೆಕ್ಟರೇ ಹೇಳಿದರು. "ಮಾರ್ಚ್ ಇಪ್ಪತ್ತೆಂಟರ ಕಾಗದ ಇದ್ಯಲ್ಲಕ್ಕ, ಲಕೋಟೆಗೆ ಹಾಕಿ ಕಳಿಸಿ, ನಾನು ಅಂಟು ಹಚ್ತೀನಿ" ಎನ್ನುತ್ತಾಳೆ ಉದ್ದಕ್ಕ. ನಾನು ಕಳಿಸುವುದಿಲ್ಲ. ನೀನು ಮೂರನೇ ಕ್ಲಾಸಿನಿಂದ ತೊಟ್ಟ ಒಂದೊಂದು ಶರ್ಟೂ ಈ ಕೈಯಲ್ಲಿ ಒಗೆದದ್ದು. ಅದೇ ಕೈಯಲ್ಲಿ ನಿನ್ನನ್ನು ಹಿಡಿದುಕೊಡಲಾರೆ.

ನೀನೇ ಬರಿ. 'ನಾನು ಹೇಳಿದ್ದೆ' ಎಂದು ಒಂದು ಸಾಲು ಸಾಕು. ಜೂನ್ 8ರ ಒಳಗೆ.

ಅಕ್ಕ


ಮೇ 29

ತಮ್ಮಾ,

ಅಕ್ಷರ ವಾಲಿದ್ದರೆ ಹೇಗೋ ಓದಿಕೋ. ಬಲಗೈಗೆ ಬಿಡುವಿಲ್ಲ.

ಇನ್ನು ಹತ್ತು ದಿನ ಇದೆ. ಒಂದೇ ಸಾಲು.

ಮೂರು ಶರ್ಟು ಒಗೆದಿದೆ. ಮೂರು ಹಾಗೇ ಇದೆ.

ಅಕ್ಕ


ಜೂನ್ 6

ಅಕ್ಕಾ,

ಹೋದ ಕಾಗದದಲ್ಲಿ ನಿನ್ನ ಅಕ್ಷರಗಳು ಪಾನಗೋಷ್ಠಿ ಮುಗಿಸಿ ಬಂದವರ ಹಾಗೆ ಒಂದಕ್ಕೊಂದು ಆತುಕೊಂಡು ನಡೆಯುತ್ತಿದ್ದವು. 'ಲ' ಅಂತೂ ಚರಂಡಿಗೇ ಬಿದ್ದಿತ್ತು. ಒಂದು ಕೈಯಲ್ಲಿ ಕೋಲು ತಿರುವುತ್ತಾ ಇನ್ನೊಂದು ಕೈಯಲ್ಲಿ ಬರೆಯುವಷ್ಟು ಏನು ಅವಸರ?

ಆ ಸಾಲಿನ ವಿಷಯ. ಖಂಡಿತ ಬರೆಯುತ್ತೇನೆ, ಒಂದಲ್ಲ, ಹತ್ತು ಸಾಲು. ಆದರೆ ಬಡ್ತಿ ಪಟ್ಟಿ ಹದಿನೈದಕ್ಕೆ ಹೊರಬೀಳುತ್ತದೆ. ಹದಿನಾರರ ಬೆಳಗ್ಗೆ ಮೊದಲ ಕೆಲಸವೇ ಅದು. ಎಂಟಕ್ಕೆ ಗಡುವು ಮುಗಿಯುತ್ತದೆ ಎಂದು ಗೊತ್ತು. ಗಡುವು ಮೀರಿದ ಮೇಲ್ಮನವಿಗೂ ಎಲ್ಲೋ ಒಂದು ನಿಯಮ ಇರಬೇಕು, ಇಲ್ಲದಿದ್ದರೆ ಬರೆಯಲು ನಾನಿದ್ದೇನಲ್ಲ.

ಒಗೆಯದ ಶರ್ಟುಗಳನ್ನು ಒಗೆದವುಗಳ ಜೊತೆ ಮಡಿಸಿ ಇಡಬೇಡ. ಎಲ್ಲದಕ್ಕೂ ಹೊಗೆ ವಾಸನೆ.

ನಿನ್ನ ತಮ್ಮ


ಜುಲೈ 2

ತಮ್ಮಾ,

ಆಸ್ಪತ್ರೆಯವರು ಬಂದಿದ್ದರು. ಹಿತ್ತಿಲಿನ ಹಂಡೆಗಳನ್ನು ನೋಡಿದರು. ಹೊಗೆಗೆ ಕಣ್ಣು ಒರೆಸಿಕೊಂಡರು. ಕಾರಿನಲ್ಲಿ ಕೂತು ಕಿಟಕಿ ಏರಿಸಿಕೊಂಡ ಮೇಲೆ ಏನೋ ಅಂದರು, ಕೇಳಿಸಲಿಲ್ಲ. ಈಗ ಬೆಡ್‌ಶೀಟು ಬೇರೆ ಕಡೆ ಹೋಗುತ್ತಿವೆ.

ಹೆಂಗಸರು ಒಬ್ಬೊಬ್ಬರೇ ಹೋದರು. ಕೊನೆಗೆ ಉದ್ದಕ್ಕ. ಇಸ್ತ್ರಿ ಪೆಟ್ಟಿಗೆಯನ್ನು ಒರೆಸಿ ಮೇಜಿನ ಮೇಲಿಟ್ಟು, "ಇದನ್ನಾದ್ರೂ ಇಡಿಯಾಗಿ ಇಟ್ಕೊಳ್ಳಿ ಅಕ್ಕಾ, ಯಾರೇ ಹೇಳಿದ್ರೂ ಕತ್ತರಿಸ್ಬೇಡಿ" ಎಂದಳು.

ಬಡ್ತಿ ಬಂತೇ?

ಅಕ್ಕ


ಸೆಪ್ಟೆಂಬರ್ 14

ಅಕ್ಕಾ,

ಬಂತು. ಉಪನಿರ್ದೇಶಕ. ಈಗ ನನ್ನ ಕೋಣೆಯ ಕಿಟಕಿ ಮುಚ್ಚುತ್ತದೆ.

ಎರಡು ತಿಂಗಳು ಬರೆಯಲಿಲ್ಲ ಎಂದು ಮುನಿಸಿಕೊಳ್ಳಬೇಡ. ಯೋಜನೆಯ ವರದಿ ನನ್ನ ತಲೆಗೆ ಬಂದಿತ್ತು. ಮಂತ್ರಿಗಳಿಗೆ ಸಾಧನೆ ಬೇಕು; ನಮ್ಮ ಹತ್ತಿರ ಇದ್ದದ್ದು ಅರ್ಜಿಗಳು. ಸಹಾಯಧನ ಪಡೆದವರು ಉಳಿಸಿದ್ದು ನೂರಕ್ಕೆ ಒಂಬತ್ತು, ಹನ್ನೆರಡು, ಹೆಚ್ಚೆಂದರೆ ಹದಿನಾರು. ಮೇಲಿನವರ ಮುಖ ಸುಟ್ಟ ಬದನೆಕಾಯಿ. ಆಗ ಅರ್ಜಿ ಹಾಕಿದ ಎಲ್ಲರ ಎಣ್ಣೆ ಬಳಕೆಯ ಪಟ್ಟಿ ತರಿಸಿ ನೋಡಿದೆ. ಒಂದೇ ಒಂದು ಘಟಕ, ಏಪ್ರಿಲ್‌ನಿಂದ ಈಚೆಗೆ ಒಂದು ಹನಿ ಎಣ್ಣೆ ಸುಟ್ಟಿಲ್ಲ. ನೂರಕ್ಕೆ ನೂರು ಉಳಿತಾಯ, ಅದೂ ಸರ್ಕಾರದ ಬಿಡಿಗಾಸಿನ ಖರ್ಚಿಲ್ಲದೆ.

ನಿನ್ನದೇ, ಅಕ್ಕಾ. ಸೌದೆಗೆ ನಮ್ಮ ನಮೂನೆಯಲ್ಲಿ ಕಾಲಮ್ಮಿಲ್ಲ.

ಮಂತ್ರಿಗಳು ಮೇಜು ತಟ್ಟಿದರು. ಮುಂದಿನ ತಿಂಗಳು ಹತ್ತಕ್ಕೆ ಸಮಾರಂಭ. ಈ ವರ್ಷದ 'ಮಾದರಿ ಘಟಕ' ಪ್ರಶಸ್ತಿ ನಿನಗೆ: ಒಂದು ಫಲಕ, ಒಂದು ಎಲ್‌ಇಡಿ ಬಲ್ಬು. ಪ್ರಯಾಣ ಭತ್ಯೆ ಇಲ್ಲ. ನಿನಗೆ ಏನಾದರೂ ಮಾಡಬೇಕು ಎಂದು ಎಷ್ಟು ದಿನದಿಂದ ಮನಸ್ಸಿನಲ್ಲಿತ್ತು, ಕೊನೆಗೂ ಕೈಗೂಡಿತು. ವೇದಿಕೆಯ ಮೇಲೆ ಮಾತ್ರ ನಾನು ಯಾರೋ, ನೀನು ಯಾರೋ.

ಆ ದಿನಕ್ಕೆ ಬಿಳಿ ಶರ್ಟು ಬೇಕು. ಉಳಿದ ಐದನ್ನೂ ಜೊತೆಗೆ ಕಳಿಸಿದ್ದೇನೆ. ಈಗ ನಿನಗೆ ಬಿಡುವಿದೆಯಲ್ಲ, ನಿಧಾನವಾಗಿ ಮಾಡು.

ನಿನ್ನ ತಮ್ಮ


ಹಬೆ ಲಾಂಡ್ರಿ ಘಟಕ
ಸೆಪ್ಟೆಂಬರ್ 25

ಉಪನಿರ್ದೇಶಕರು, ಇಂಧನ ದಕ್ಷತಾ ಶಾಖೆ, ಇವರಿಗೆ

ಮಾನ್ಯರೇ,

ವಿಷಯ: ಆರು ಶರ್ಟು ಒಗೆದು ಇಸ್ತ್ರಿ ಮಾಡಲು ಕೋರಿರುವ ಬಗ್ಗೆ.
ಉಲ್ಲೇಖ: ತಮ್ಮ ಸೆಪ್ಟೆಂಬರ್ 14ರ ಪತ್ರ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ತಮ್ಮ ವರದಿಯಲ್ಲಿ ಒಂದು ಅಂಶ ಬಿಟ್ಟುಹೋಗಿದೆ. ಸದರಿ ಘಟಕದಲ್ಲಿ ಬಳಕೆ ನಿಂತಿರುವುದು ಎಣ್ಣೆಯದು ಮಾತ್ರವಲ್ಲ. ಮೇ 25ರಂದು ಮೂರನೇ ಹಂಡೆ ಮಗುಚಿ ಮಾಲೀಕರ ಬಲಗೈ ಮೊಣಕೈವರೆಗೆ ಬೆಂದಿರುತ್ತದೆ. ಬೆರಳುಗಳು ಒಂದಕ್ಕೊಂದು ಅಂಟಿಕೊಂಡಿವೆ, ಬಿಚ್ಚುವುದಿಲ್ಲ ಎಂದು ಆಸ್ಪತ್ರೆಯವರು ತಿಳಿಸಿದ್ದಾರೆ. ನಾನು ಮಲಗಿದ ಹಾಸಿಗೆಯ ಬೆಡ್‌ಶೀಟು ನಾವೇ ಒಗೆದದ್ದು. ಅಂದಿನಿಂದ ಸದರಿ ಕೈಯ ಬಳಕೆ ಸೊನ್ನೆ. ಇದನ್ನೂ ನೂರಕ್ಕೆ ನೂರು ಉಳಿತಾಯ ಎಂದು ಸೇರಿಸಿಕೊಳ್ಳಬಹುದು.

ಶರ್ಟುಗಳ ಬಗ್ಗೆ. ಹಳೆಯದನ್ನು ಮತ್ತೆಂದೂ ಬಳಸಲಾಗದಂತೆ ಮೊದಲೇ ಎರಡು ಹೋಳು ಮಾಡಿದರೆ ಹೊಸದಕ್ಕೆ ಸಾಲಿನಲ್ಲಿ ಮೊದಲಿಗರಾಗುತ್ತಾರೆ ಎಂದು ಒಬ್ಬರು ಬಲ್ಲವರು ಹಿಂದೆ ತಿಳಿಸಿದ್ದರು. ಅದರಂತೆ ಆರನ್ನೂ ಕತ್ತರಿಸಿ ಕಳಿಸಿದೆ. ಎರಡೂ ಹೋಳು, ನನ್ನ ಮುಖ, ಇವತ್ತಿನ ಪತ್ರಿಕೆ ಒಂದೇ ಫೋಟೋದಲ್ಲಿವೆ. ಈ ಸಲ ನಗು ಎಂದು ಯಾರೂ ಹೇಳಲಿಲ್ಲ. ಎಡಗೈಯಲ್ಲಿ ಕತ್ತರಿಸಿದ್ದರಿಂದ ಗೆರೆ ನೇರವಾಗಿಲ್ಲ, ಕ್ಷಮಿಸತಕ್ಕದ್ದು.

ಗುಂಡಿಗಳನ್ನು ಮಾತ್ರ ಬಿಚ್ಚಿ ಇಟ್ಟುಕೊಂಡಿದ್ದೇನೆ.

ಸಮಾರಂಭಕ್ಕೆ ಬರುವುದಿಲ್ಲ.

ತಮ್ಮ ವಿಶ್ವಾಸಿ,
ಮಾಲೀಕರು


ನವೆಂಬರ್ 3

ಅಕ್ಕಾ,

ಪಾರ್ಸೆಲ್ ಬಿಚ್ಚಿ ಒಂದು ಕ್ಷಣ ಬೆಚ್ಚಿದೆ, ಆಮೇಲೆ ನಗು ತಡೆಯಲಾಗಲಿಲ್ಲ. 'ಕ್ಷಮಿಸತಕ್ಕದ್ದು' ಅಂತೆ. ತಮಾಷೆ ನಮ್ಮ ಮನೆತನದ ರಕ್ತದಲ್ಲೇ ಇದೆ ಎಂದು ನಾನು ಯಾವಾಗಲೂ ಹೇಳುತ್ತಿರಲಿಲ್ಲವೇ? ನಿನಗೆ ಕಚೇರಿಯ ಭಾಷೆ ಇಷ್ಟು ಚೆನ್ನಾಗಿ ಬರುತ್ತದೆ ಎಂದು ಗೊತ್ತಿದ್ದರೆ ಕರಡುಗಳನ್ನು ನಿನ್ನಿಂದಲೇ ಬರೆಸುತ್ತಿದ್ದೆ.

ಕೈಯ ವಿಷಯ ಓದಿ ಬೇಜಾರಾಯಿತು. ಆಗಲೇ ತಿಳಿಸಬಾರದಿತ್ತೇ? ಕೆಲಸದ ಜಾಗದಲ್ಲಿ ಗಾಯವಾದವರಿಗೆ ಪರಿಹಾರದ ಯೋಜನೆ ಒಂದಿದೆ; ಮೂವತ್ತು ದಿನದ ಒಳಗೆ ಅರ್ಜಿ ಹಾಕಬೇಕಿತ್ತು. ನಿನ್ನದು ಯಾವಾಗಲೂ ಇದೇ ಕತೆ, ಒಂದೋ ತೀರಾ ಮುಂಚೆ, ಇಲ್ಲವೇ ತೀರಾ ತಡ.

ಸಮಾರಂಭ ಚೆನ್ನಾಗಿ ನಡೆಯಿತು. ಮಾದರಿ ಘಟಕದ ಮಾಲೀಕರು ಗೈರುಹಾಜರಾದ್ದರಿಂದ ಶಾಖೆಯ ಪರವಾಗಿ ಪ್ರಶಸ್ತಿ ನಾನೇ ಪಡೆದೆ. ಹೋಳಾದ ಬಾಯ್ಲರಿನ ಪಕ್ಕ ಪತ್ರಿಕೆ ಹಿಡಿದು ನೀನು ನಗುತ್ತಿರುವ ಫೋಟೋ ವೇದಿಕೆಯ ಹಿಂದೆ ಗೋಡೆಯಷ್ಟು ದೊಡ್ಡದಾಗಿತ್ತು. "ಎಂಥ ತೃಪ್ತಿ ನೋಡ್ರಿ ಆ ಮುಖದಲ್ಲಿ" ಎಂದರು ಮಂತ್ರಿಗಳು. ಫಲಕ ಕಪಾಟಿನಲ್ಲಿದೆ, ಬಲ್ಬು ನನ್ನ ಮೇಜಿನ ಮೇಲೆ ಉರಿಯುತ್ತಿದೆ. ಬೆಳಕು ಪರವಾಗಿಲ್ಲ.

ಹೊಸದಾಗಿ ಆರು ಶರ್ಟು ಕೊಂಡೆ, ಎಲ್ಲಾ ಬಿಳಿ. ಇಲ್ಲಿಯವರು ಕಾಲರ್ ಕೆಡಿಸುತ್ತಾರೆ. ಕೈ ವಾಸಿಯಾದ ಮೇಲೆ ತಿಳಿಸು, ಕಳಿಸುತ್ತೇನೆ.

ನಿನ್ನ ತಮ್ಮ